ಇಂಜಿನ್ ತಣ್ಣಗಾಗುವವರೆಗೆ

ಕ್ಯಾನ್ ಮಾವನ ಡೀಸೆಲ್ ಕಾರು ಹೊರಟಿತೆಂದರೆ ಬೀದಿಯ ಕಿಟಕಿಗಳೆಲ್ಲ ಗಡಗಡ ನಡುಗುತ್ತವೆ. ಒಳಗೆ ಕೂತವರಿಗೆ ತಮ್ಮ ಕೆಮ್ಮೂ ಕೇಳಿಸದು. ವಾಟರ್ ಪಂಪು ಸೋರುವುದರಿಂದ ಹಿಂದಿನ ಸೀಟಿನ ತುಂಬ ನೀರಿನ ಕ್ಯಾನುಗಳು. ಮಾವನಿಗೆ ಆ ಹೆಸರು ಬಂದದ್ದೇ ಅದರಿಂದ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದೇ ತಡ, ನೆರಳಿಗೆ ನಿಲ್ಲಿಸಿ ಬಾನೆಟ್ ಎತ್ತಿ, “ಪಾಪ, ಬಾಯಾರಿದೆ ಇದಕ್ಕೆ” ಎನ್ನುತ್ತಾರೆ. “ಪಂಪು ಬದಲಾಯಿಸೋಣ ಮಾವ, ಇಂಜಿನ್ನೇ ಸೀಜಾಗಿ ಕೆಟ್ಟು ನಿಲ್ಲುತ್ತೆ” ಎಂದು ಮೆಕ್ಯಾನಿಕ್ ಎಷ್ಟು ಬಾಯಿ ಬಡಿದುಕೊಂಡರೂ ಉತ್ತರ ಒಂದೇ: “ನೋಡೋಣ ಬಿಡಪ್ಪಾ.” ಯಾಕಿಷ್ಟು ಹಠ ಎಂಬ ಕುತೂಹಲ ಅವನನ್ನು ಕೊರೆಯುತ್ತಲೇ ಇತ್ತು. ನಿನ್ನೆ ದಾರಿಯಲ್ಲಿ ಅವನ ಕಣ್ಣಿಗೆ ಬಿತ್ತು: ಇಂಜಿನ್ನಿನಿಂದ ಆವಿ ಏಳುತ್ತಿದೆ; ಮೊಮ್ಮಕ್ಕಳ ಗಲಾಟೆಯ ಮನೆಯಲ್ಲಿ ತುಟಿಯೇ ಬಿಚ್ಚದ ಮಾವನ ಹೆಂಡತಿ, ಮೋರಿಕಟ್ಟೆಯ ಮೇಲೆ ಗಂಡನ ಪಕ್ಕ ಕೂತು ನಗುನಗುತ್ತ ಏನೋ ಹೇಳುತ್ತಿದ್ದಾರೆ. ಅವನು ಕಾಣುತ್ತಲೇ ಆಕೆಯ ಮುಖ ಬಾಡಿತು: “ಅಯ್ಯೋ, ರಿಪೇರಿ ಮಾಡೋಕೆ ಬಂದ್ಯಾ?”