ಕಾಕಾ ಆರಾಮ ಅದಾನ

ಭೂಕಂಪಕ್ಕೆ ಬಿದ್ದ ಕ್ರೈಸ್ಟ್‌ಚರ್ಚನ್ನು ಮತ್ತೆ ಕಟ್ಟುತ್ತಿದ್ದ ಆ ವರ್ಷಗಳಲ್ಲಿ ನನ್ನ ಹತ್ತಿರ ಕಾರಿರಲಿಲ್ಲ. ರಿಕ್ಕರ್ಟನ್‌ನ ನಮ್ಮ ಬಾಡಿಗೆ ಮನೆಯಿಂದ ನನ್ನನ್ನು ದಿನಾ ಸೈಟಿಗೆ ಕರೆದೊಯ್ಯುತ್ತಿದ್ದವನು ಒಬ್ಬ ಐರಿಷ್ ಬಡಗಿ. ನಾನು ಸೈಟ್ ಆಫೀಸಿನಲ್ಲಿ ನಕ್ಷೆ ನೋಡುವ ಎಂಜಿನಿಯರ್, ಅವನು ಚಾವಣಿಗೆ ಮರ ಕೂರಿಸುವವನು. ಅವನ ಯೂಟ್‌ನ, ಅಂದರೆ ಪಿಕಪ್ ಗಾಡಿಯ, ಹಿಂಬದಿಯಲ್ಲಿ ಹಲಗೆಗಳು ಕಟಕಟ ಅನ್ನುತ್ತಿದ್ದವು, ಮುಂದೆ ನಾವಿಬ್ಬರೂ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದೆವು. ಅವನು ಆಡಿದ್ದೆಲ್ಲ ಇಂಗ್ಲಿಷೇ. ಆದರೆ ಇಷ್ಟು ವರ್ಷ ನನ್ನ ನೆನಪಿನಲ್ಲಿ ಕೂತು ಕೂತು ಅದು ಧಾರವಾಡದ ಕನ್ನಡವಾಗಿಬಿಟ್ಟಿದೆ. ಹಾಗೇ ಬರೆಯುತ್ತೇನೆ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಅವನು ರೇಡಿಯೋ ಹಾಕಲಿಲ್ಲ.

"ಅಣ್ಣಗ ಆರಾಮಿಲ್ಲ" ಅಂದ. "ಹೊಟ್ಟ್ಯಾಗ ಕ್ಯಾನ್ಸರ್. ಡಾಕ್ಟರ್ ತಿಂಗಳ ಲೆಕ್ಕ ಹೇಳಾಕತ್ತಾರ, ವರ್ಷದ ಮಾತಿಲ್ಲ."

ಅಪ್ಪ ಬೇಗ ತೀರಿಕೊಂಡ ಮನೆ ಅದು. ಹತ್ತು ವರ್ಷ ದೊಡ್ಡವನಾದ ಈ ಅಣ್ಣನೇ ತಮ್ಮನ ಕೈಗೆ ಉಳಿ ಕೊಟ್ಟು, ಹಿಂದೆ ನಿಂತು ಮಣಿಕಟ್ಟು ಹಿಡಿದು ಕಲಿಸಿದ್ದ. ಐರ್ಲೆಂಡಿನಲ್ಲಿ ಕೆಲಸ ನಿಂತುಹೋದಾಗ ಹೊರಡು ಅಂತ ದಬ್ಬಿದವನೂ ಅವನೇ. ಇದನ್ನೆಲ್ಲ ಬಡಗಿ ರಸ್ತೆ ನೋಡುತ್ತಲೇ ಹೇಳಿದ. ಈಗಲೇ ಹೋಗಬೇಕೋ, ಕ್ರಿಸ್‌ಮಸ್‌ಗೆ ಸೈಟ್ ಮುಚ್ಚಿದಾಗ ಹೋಗಬೇಕೋ ಅಂತ ಕೊನೆಗೆ ನನ್ನನ್ನೇ ಕೇಳಿದ.

ಈಗಲೇ ಹೋಗು ಅನ್ನಬೇಕಿತ್ತು. ಆದರೆ ನನ್ನ ನಾಲಿಗೆಗೆ ಅಭ್ಯಾಸವಾದ ಮಾತು ಬೇರೆ.

"ಏನೂ ಆಗಂಗಿಲ್ಲ ತಗೋ. ನಮ್ಮ ಕಾಕಾಗೂ ಹಿಂಗ ಆಗಿತ್ತು. ಈಗ ನೋಡು, ಗುಂಡಕಲ್ಲ ಇದ್ದಂಗ ಅದಾನ!"

ನಮ್ಮ ಕಡೆಯ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಎಳನೀರು, ಬ್ರೆಡ್ಡಿನ ಜೊತೆ ಅದನ್ನೂ ಒಂದು ಕೊಟ್ಟು ಬರುತ್ತೇವೆ. ಹೇಳುವವರಿಗೂ ಕೇಳುವವರಿಗೂ ಅದು ಎಷ್ಟರಮಟ್ಟಿಗೆ ನಿಜ ಅಂತ ಗೊತ್ತಿರುತ್ತದೆ, ಯಾರೂ ಕೆದಕುವುದಿಲ್ಲ. ಪಾಪ, ಐರ್ಲೆಂಡಿನವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವನು ನಂಬಿಬಿಟ್ಟ. ನಮ್ಮ ಕಾಕಾ ನಾನು ಪಿಯುಸಿ ಓದುವಾಗಲೇ, ಕಾಯಿಲೆ ಗೊತ್ತಾದ ನಾಲ್ಕೇ ತಿಂಗಳಿಗೆ ಹೋಗಿದ್ದ.

ಮರುದಿನ ಯೂಟ್ ಹತ್ತುವಷ್ಟರಲ್ಲಿ ಕೇಳಿದ, "ನಿಮ್ಮ ಕಾಕಾ ಏನ ತಿಂತಾನ?"

ಬಾಯಿಗೆ ಬಂದದ್ದು ಹೇಳಿದೆ. ನುಚ್ಚು-ಮಜ್ಜಿಗೆ. ಮಜ್ಜಿಗೆ ಅವರ ಊರಿನಲ್ಲೂ ಕುಡಿಯುತ್ತಾರಂತೆ. ಆ ವಾರವೇ ಅವನಣ್ಣ ಓಟ್ಸಿಗೆ ಮಜ್ಜಿಗೆ ಹಾಕಿಕೊಂಡು ತಿನ್ನಲು ಶುರುಮಾಡಿದ. ನಡೆದಾಡುತ್ತಾನಾ? ಹೂಂ, ದಿನಾ ಮುಂಜಾನೆ ಕೆಲಗೇರಿ ಕೆರೆಯವರೆಗೂ ಹೋಗಿ ಬರುತ್ತಾನೆ, ಕಿವಿ ಮುಚ್ಚುವ ಉಲ್ಲನ್ ಟೊಪ್ಪಿಗೆ ಹಾಕಿಕೊಂಡು. ಬರುವಾಗ ಪೇಪರಿನಲ್ಲಿ ಗಿರ್ಮಿಟ್ ಕಟ್ಟಿಸಿಕೊಂಡು ಬಂದು, ಚುರುಮುರಿ ಮೆತ್ತಗಾಗುವ ಮೊದಲೇ ಮನೆಯವರನ್ನೆಲ್ಲ ಕೂಗಿ ಎಬ್ಬಿಸುತ್ತಾನೆ.

ಟೊಪ್ಪಿಗೆ, ಗಿರ್ಮಿಟ್, ಆ ಕೂಗು ಎಲ್ಲ ನಿಜ. ಕಾಲ ಮಾತ್ರ ಸುಳ್ಳು. ಹೇಳುತ್ತಾ ಹೇಳುತ್ತಾ ನನಗೆ ಹಿತವಾಗತೊಡಗಿತು, ಅದನ್ನು ಒಪ್ಪಿಕೊಳ್ಳಬೇಕು. ಹದಿನೈದು ವರ್ಷದಿಂದ ಕಾಕಾನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಈಗ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವನು ಬದುಕಿರುತ್ತಿದ್ದ. ಅಣ್ಣನಿಗೂ ಫೋನಿನಲ್ಲಿ ಈ ಸುದ್ದಿಯೆಲ್ಲ ಹೋಗುತ್ತಿತ್ತು. ಅಲ್ಲಿಂದ "ಕಾಕಾ ಹೆಂಗದಾನ?" ಅಂತ ಪ್ರಶ್ನೆ ಬರುತ್ತಿತ್ತು. ಬಡಗಿ ಶಿಳ್ಳೆ ಹಾಕುತ್ತಾ ಗಾಡಿ ಓಡಿಸತೊಡಗಿದ. ಕ್ರಿಸ್‌ಮಸ್‌ಗೇ ಹೋಗುತ್ತೇನೆ, ಅವಸರವೇನಿಲ್ಲ ಅಂದ.

ನಾನು ಇದನ್ನು ಮನೆಯಲ್ಲಿ ಊಟ ಮಾಡುತ್ತಾ ಹೆಂಡತಿಗೆ ಹೇಳಿದೆ, ದೊಡ್ಡ ಉಪಕಾರ ಮಾಡಿದವನಂತೆ. ಅವಳು ಸೌಟು ಕೆಳಗಿಟ್ಟಳು.

"ಇಲ್ಲಿ ಫೋಟೋಕ್ಕ ಗಂಧದ ಮಾಲಿ ಹಾಕೀರಿ. ಅಲ್ಲಿ ಅವರನ್ನ ದಿನಾ ಕೆರೀಗೆ ಕಳಸಾಕತ್ತೀರಿ? ಆ ಮನಷ್ಯಾ ಕ್ರಿಸ್‌ಮಸ್‌ಗೆ ಹೋದಾಗ ಅವನ ಅಣ್ಣ ಇರತಾನೇನ್ರಿ?"

ಉತ್ತರ ನನಗೆ ಗೊತ್ತಿತ್ತು. ಅರ್ಧಕ್ಕೇ ಎದ್ದು ಕೈ ತೊಳೆದೆ.

ಮರುದಿನ ರಿಕ್ಕರ್ಟನ್ ರಸ್ತೆಯ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಾಗ ಹೇಳಿದೆ. ಕಾಕಾ ಇಲ್ಲ, ನಾಲ್ಕು ತಿಂಗಳಿಗೇ ಹೋದ, ನೀನು ಈಗಲೇ ಹೊರಡು. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಅವನು ಗಾಡಿಯನ್ನು ಒಂದು ಡೈರಿಯ, ಅಂದರೆ ಅಲ್ಲಿನ ಕಿರಾಣಿ ಅಂಗಡಿಯ, ಮುಂದೆ ತಂದು ನಿಲ್ಲಿಸಿದ. ಆ ಅಂಗಡಿಯ ಐಸ್‌ಕ್ರೀಮ್ ಬೋರ್ಡನ್ನೇ ನೋಡುತ್ತಾ ಕೂತ.

"ಕೊನೀಗೆ ನಡದಾಡತಿದ್ನ?"

"ಇಲ್ಲ. ಕಡೀ ತಿಂಗಳ ಎದ್ದ ಕೂಡಾಕೂ ಆಗತಿರ್ಲಿಲ್ಲ."

"ಇಳಿ" ಅಂದ.

ಇಳಿದೆ. ಸೈಟಿಗೆ ನಡೆದೇ ಹೋದೆ. ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆ ಶನಿವಾರವೇ ಅವನು ಊರಿಗೆ ಹಾರಿದ ಅಂತ ಉಳಿದ ಬಡಗಿಗಳಿಂದ ತಿಳಿಯಿತು. ನಾನು ಬಸ್ಸು ಹಿಡಿಯುವುದು ಕಲಿತೆ. ಕೆಲಗೇರಿ ಕೆರೆಯ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಇನ್ನೊಮ್ಮೆ ಕಾಕಾ ಸತ್ತಂತೆ ಇತ್ತು, ಈ ಸಲ ನನ್ನ ಬಾಯಿಂದಲೇ.

ಜನವರಿಯಲ್ಲಿ ಸೈಟ್ ಮತ್ತೆ ತೆರೆದ ಬೆಳಿಗ್ಗೆ ಮನೆಯ ಮುಂದೆ ಆ ಯೂಟ್‌ನ ಹಾರ್ನ್ ಕೇಳಿಸಿತು. ಹತ್ತಿ ಕೂತೆ. ಅವನು ಸೊರಗಿದ್ದ. ಹಿಂದೆ ಹಲಗೆಗಳು ಮತ್ತೆ ಕಟಕಟ ಅನ್ನತೊಡಗಿದವು.

"ಅಣ್ಣ ನಾಲ್ಕ ವಾರ ಸಿಕ್ಕ" ಅಂದ. "ಮಜ್ಜಿಗಿ ನಾನೇ ಕುಡಸ್ತಿದ್ದೆ. ಡಿಸೆಂಬರ್ ಶುರುವಿನಾಗ ಹೋದ."

ಕ್ಷಮಿಸು ಅಂದೆ. ಅವನು ತಲೆಯಾಡಿಸಿದ, ಕ್ಷಮಿಸಿದ್ದೇನೆ ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ.

"ನಿನ್ನ ಮ್ಯಾಲೆ ಸಿಟ್ಟ ಇನ್ನೂ ಅದ. ಆದ್ರ ಕೇಳು. ನಾ ಹೋದ ದಿನಾನ ಅವ ಕೇಳಿದ, ಕಾಕಾ ಹೆಂಗದಾನ ಅಂತ. ವಿಮಾನದಾಗ ಪೂರಾ ವಿಚಾರ ಮಾಡಿದ್ದೆ, ಖರೇ ಹೇಳಬೇಕು ಅಂತ. ಬಾಯಿಂದ ಬರ್ಲಿಲ್ಲ. ಆರಾಮ ಅದಾನ ಅಂದೆ, ಮುಂಜಾನೆ ಕೆರೀಗೆ ಹೋಗಿ ಬಂದಾನ ಅಂದೆ. ದಿನಾ ಕೇಳಿದ, ದಿನಾ ಹೇಳಿದೆ. ನೀ ಹೇಳಿದ್ದ ಗಿರ್ಮಿಟ್ ಸುದ್ದಿ ಖಾಲಿ ಆದಮ್ಯಾಲೆ ನಾನೇ ಹೊಸಾವು ಹುಟ್ಟಿಸಿ ಹೇಳಿದೆ."

ನನ್ನ ಕಣ್ಣು ತುಂಬಿತು. ಅವನು ನೋಡಬಾರದು ಅಂತ ಕಿಟಕಿಯ ಕಡೆ ತಿರುಗಿದೆ. ಅದೇ ಸಿಗ್ನಲ್ ಬಂತು, ಅದೇ ಕೆಂಪು ದೀಪ.

"ಏನ ಹುಟ್ಟಿಸಿದಿ?" ಅಂತ ಕೇಳಿದೆ.

ಅವನು ಮೂಗು ಒರೆಸಿಕೊಂಡ. ಸೈಟ್ ಬರುವವರೆಗೂ, ನಾನು ಕಂಡೇ ಇರದ ನಮ್ಮ ಕಾಕಾನ ಸುದ್ದಿ ಹೇಳುತ್ತಾ ಹೋದ.