ಕೆಟ್ಟ ತಿಂಗಳಲ್ಲಿ ನೋಡಿದ ಊರು

ಆಸ್ಪತ್ರೆಯ ಹಾಸಿಗೆ ಹೊದಿಕೆಗಳಿಗೆ ಮೂವತ್ತೊಂದು ವರ್ಷ ಇಸ್ತ್ರಿ ಹಾಕಿದವಳನ್ನು ನರ್ಸುಗಳೆಲ್ಲ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಕೋಣೆ, ಮುಖಕ್ಕೆ ಹೊಡೆಯುವ ಹಬೆ. ಮನೆಯೆಂದರೆ ಮೂರನೇ ಮಹಡಿ; ಬಾಲ್ಕನಿಯಲ್ಲಿ ಬಣ್ಣದ ಡಬ್ಬಗಳಲ್ಲಿ ನಾಲ್ಕು ಮೆಣಸಿನ ಗಿಡ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನಿವೃತ್ತಿಯಾದಾಗ ಅವಳು ಬಯಸಿದ್ದು ಎರಡೇ: ತಂಪು ಗಾಳಿ, ಕಾಲಿಟ್ಟರೆ ಮಣ್ಣು.

ಒಣ ಬಿಸಿಲಿನ ಊರೊಂದರಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನಮ್ಮ ಹಿತ್ತಲು ಖಾಲಿ ಬಿದ್ದಿದೆ, ಬಂದ್ಬಿಡಿ."

"ಇಸ್ತ್ರಿ ಪೆಟ್ಟಿಗೆಯಿಂದ ತಪ್ಪಿಸ್ಕೊಂಡೋಳು ಮತ್ತೆ ಅದರೊಳಗೇ ಹೋಗಿ ಕೂತ್ಕೊಳ್ಲಾ?" ಎಂದು ನಕ್ಕು, ಅವಳು ಬೆಟ್ಟದ ಊರೊಂದಕ್ಕೆ ಬಾಡಿಗೆ ಮನೆ ನೋಡಲು ಹೋದಳು.

ಮನೆ ಚೆನ್ನಾಗಿತ್ತು. ಕಪ್ಪು ಮಣ್ಣು, ಬೇಲಿಯ ತುಂಬ ಗುಲಾಬಿ. ಮುಂಗಡ ಕೊಡಲು ಕೈಚೀಲ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದರು. ನಿವೃತ್ತ ಗಣಿತದ ಟೀಚರ್. ಕೈಯಲ್ಲಿದ್ದ ಡಬ್ಬದ ತುಂಬ ಬಸವನಹುಳು.

"ನೀವು ಬಂದ್ರೆ ನನಗೊಂದು ಜೊತೆ ಸಿಗುತ್ತೆ. ಆದ್ರೂ ಹೇಳ್ತೀನಮ್ಮ," ಎಂದರು. "ಇದು ಇವತ್ತು ಬೆಳಗ್ಗೆ ಹೆಕ್ಕಿದ್ದು. ನಾಳೆ ಇನ್ನಷ್ಟು. ಮಳೆ ಹಿಡಿದ್ರೆ ಬಿಡೋದೇ ಇಲ್ಲ, ಗಿಡದ ಬೇರೆಲ್ಲ ಕೊಳೆಯುತ್ತೆ. ಬಾಡಿಗೆ, ಸೌದೆ ಅಂತ ಪೆನ್ಷನ್ ಕರಗುತ್ತೆ. ನಾನೂ ಒಳ್ಳೆ ಕಾಲದಲ್ಲಿ ಬಂದು ಮರುಳಾದೋಳೇ. ಯಾವ ಊರನ್ನೂ ಅದರ ಕೆಟ್ಟ ತಿಂಗಳಲ್ಲಿ ನೋಡಿ."

ಇಸ್ತ್ರಿ ಅಕ್ಕ ಕೈಚೀಲ ಮುಚ್ಚಿದಳು. ಗುರುತು ಪರಿಚಯವಿಲ್ಲದವಳಿಗಾಗಿ ತನಗೆ ಸಿಗಬಹುದಾಗಿದ್ದ ಜೊತೆಯನ್ನೇ ಬಿಟ್ಟುಕೊಟ್ಟರಲ್ಲ ಎಂದು ಬಸ್ಸಿನಲ್ಲಿ ಅವಳ ಕಣ್ಣು ತುಂಬಿ ಬಂತು.

ಟೀಚರ್ ಹೇಳಿದಂತೆಯೇ, ನೆಲ ಸುಡುವ ತಿಂಗಳಲ್ಲಿ ನಾದಿನಿಯ ಊರಿಗೆ ಹೋದಳು. ಮೊದಲ ದಿನ ತಲೆ ಸಿಡಿಯಿತು. ಎರಡನೆಯ ದಿನ ಗಮನಿಸಿದಳು: ಪಡುವಣ ಗೋಡೆಯಿಂದಾಗಿ ಮಧ್ಯಾಹ್ನದ ಮೇಲೆ ಹಿತ್ತಲೆಲ್ಲ ನೆರಳು. ಬೆವರು ಮೈಗೆ ಅಂಟುವುದಿಲ್ಲ. ಗಿಡಕ್ಕೆ ಹಾಯಿಸಬಹುದಾದ ಬಚ್ಚಲ ನೀರು ಸುಮ್ಮನೆ ಮೋರಿಗೆ ಹೋಗುತ್ತಿದೆ.

"ಹುಳು ಕಾಟ ಹೇಗೆ?" ಎಂದು ಕೇಳಿದಳು.

"ಬಿಳಿ ನೊಣ ಬರುತ್ತೆ. ಇರೋ ಒಂದು ಪೇರಲ ಗಿಡದ ಹಣ್ಣನ್ನೂ ಅಳಿಲು ನನಗಿಂತ ಮೊದಲೇ ತಿನ್ನುತ್ತೆ. ಇದ್ದದ್ದು ಇದ್ದ ಹಾಗೆ ಹೇಳ್ಬಿಟ್ಟೆ, ಆಮೇಲೆ ನನ್ನ ಮೇಲೆ ಬರಬೇಡಿ."

"ಬಾಡಿಗೆ?"

"ಅಣ್ಣನ ಹೆಂಡ್ತಿ ಹತ್ರ ಬಾಡಿಗೆ ಇಸ್ಕೊಳ್ಲಾ? ಅಡುಗೆಮನೇಲಿ ಜೊತೆಗಿರಿ, ಸಾಕು."

ಅಲ್ಲೇ ನೆಲೆಸಿದ ಮೊದಲ ವರ್ಷ ಟೊಮೆಟೊ ಹೂವೆಲ್ಲ ಬಿಸಿಲಿಗೆ ಉದುರಿತು. ಅಲ್ಲಿಂದಾಚೆ ಬಿಸಿಲು ಇಳಿದ ಮೇಲೆಯೇ ಬೀಜ ಹಾಕಿದಳು. ನೊಣಕ್ಕೆ ಸೋಪು ನೀರು ಎರಚಿದಳು; ಅಳಿಲಿಗೆ ಸೋತು ಆ ಪೇರಲ ಗಿಡವನ್ನೇ ಬಿಟ್ಟುಕೊಟ್ಟಳು. ಪತ್ರ ಬರೆದು ಕರೆದಾಗ ಟೀಚರೂ ಮಳೆಗಾಲದಲ್ಲಿ ಬಂದು ಒಂದು ತಿಂಗಳು ಇದ್ದು ಹೋದರು.

ಎರಡನೆಯ ವರ್ಷ ಬದನೆ ಎಷ್ಟು ಬಿಟ್ಟಿತೆಂದರೆ ನಾದಿನಿ ಕೈಮುಗಿದಳು. "ಅತ್ತಿಗೆ, ಕನಸಲ್ಲೂ ಬದನೆಕಾಯೇ ಬರ್ತಿದೆ!" ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಜೆರಾಕ್ಸ್ ಜೊತೆಗೆ ಒಂದೊಂದು ಬದನೆಕಾಯಿ, ಎರಡೂ ಬದಿ ಮಾಡಿಸಿದವರಿಗೆ ಎರಡು.