ಎರಡನೆಯ ಕೋಣೆಗೂ ಸಿಗ್ನಲ್

ಭಾನುವಾರ ಮನೆಯಲ್ಲಿ ಡ್ರಿಲ್ ಓಡಿಸುವುದು ತಪ್ಪು ಎಂದು ನನಗೆ ಯಾರೂ ಹೇಳಿರಲಿಲ್ಲ. ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಬಂದು ಎರಡು ವರ್ಷವಾಗಿತ್ತು. ನೋವು ಎಲ್ಲಿದೆ, ಚುಚ್ಚುತ್ತದೋ ಉರಿಯುತ್ತದೋ ಎಂದು ಇಲ್ಲಿನ ಭಾಷೆಯಲ್ಲಿ ಕೇಳಬಲ್ಲೆ, ಅಷ್ಟಕ್ಕೇ ಊರು ಗೊತ್ತಾಯಿತು ಎಂದುಕೊಂಡಿದ್ದೆ. ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ ಛಾವಣಿಗೆ ತೂತು ಹಾಕಲು ಶುರು ಮಾಡಿದ ಅರ್ಧ ನಿಮಿಷಕ್ಕೆ ಬಾಗಿಲಿನ ಗಂಟೆ ಬಡಿಯಿತು. ಕೆಳಮನೆಯ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. “ರೂಹೆಟಾಗ್,” ಎಂದರು. ಅಂದರೆ ಸದ್ದು ಮಾಡದೆ ಇರುವ ದಿನ. ಮುಂಡಗೋಡದ ಬಸ್‌ಸ್ಟ್ಯಾಂಡಿನ ಕೂಗಾಟದಲ್ಲಿ ಬೆಳೆದ ನಾನು ತಲೆ ತುಂಬ ಸುಣ್ಣದ ಪುಡಿ ಹೊತ್ತುಕೊಂಡು ಕ್ಷಮೆ ಕೇಳಿದೆ.

ನಾನು ಕೂರಿಸಲು ಹೊರಟಿದ್ದು ಒಂದು ಆಕ್ಸೆಸ್ ಪಾಯಿಂಟ್. ಊಟದ ತಟ್ಟೆಯಷ್ಟು ಅಗಲದ, ಬಿಳಿ ಬಣ್ಣದ ವೈಫೈ ಡಬ್ಬಿ. ನನ್ನದು ಇವರು ‘ಆಲ್ಟ್‌ಬಾವ್’ ಎನ್ನುವ ನೂರು ವರ್ಷದ ಹಳೆಯ ಕಟ್ಟಡ. ಮೊಳದಗಲದ ಇಟ್ಟಿಗೆ ಗೋಡೆ. ರೌಟರ್ ಅಡುಗೆಮನೆಯ ಮೂಲೆಯಲ್ಲಿ, ವೈಫೈ ಕೂಡ ಅಲ್ಲಿಗೇ. ನಡುಮನೆಗೆ ಕಾಲಿಟ್ಟರೆ ಫೋನಿನ ಚಿತ್ರ ನಿಂತುಬಿಡುತ್ತಿತ್ತು. ಮುಂಡಗೋಡದ ಪಕ್ಕದ ಸನವಳ್ಳಿಯ ನಮ್ಮ ಮನೆಯಲ್ಲಿ ಗೋಡೆಗಳು ಹಂಚಿನವರೆಗೆ ಹೋಗಿರಲೇ ಇಲ್ಲ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಪಡಸಾಲೆಯಲ್ಲಿ ಮಲಗಿದ್ದ ಅಪ್ಪನಿಗೆ ಕೇಳಿ, ಅಲ್ಲಿಂದಲೇ ಉತ್ತರ ಬರುತ್ತಿತ್ತು. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು. ಇಲ್ಲಿ ನಾನು ಬಿದ್ದು ಕೂಗಿದರೂ ಪಕ್ಕದ ಕೋಣೆಗೆ ಕೇಳುವುದಿಲ್ಲ, ಕೇಳಲು ಅಲ್ಲಿ ಯಾರೂ ಇಲ್ಲ.

ಆ ಪಕ್ಕದ ಕೋಣೆಯ ವಿಷಯ ಹೇಳಬೇಕು. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗಳು ಅಕ್ಷತಾಳನ್ನು ಮುಂಡಗೋಡದಲ್ಲಿರುವ ಅಕ್ಕ ನೀಲಮ್ಮಳ ಮಡಿಲಿಗೆ ಹಾಕಿ ಬಂದೆ. ಮಗುವನ್ನು ಕರೆಸಿಕೊಳ್ಳಲು ಮನೆಯಲ್ಲಿ ಸಾಕಷ್ಟು ಜಾಗ ತೋರಿಸಬೇಕು ಎಂಬ ಕಾಯ್ದೆ ಇಲ್ಲಿದೆ. ಅದಕ್ಕೆಂದೇ ಎರಡು ಕೋಣೆಯ ಮನೆ ಹಿಡಿದೆ, ಪುಟ್ಟ ಮಂಚವನ್ನೂ ತಂದೆ. ಆಮೇಲೆ ಧೈರ್ಯ ಸಾಲಲಿಲ್ಲ. ನಾನು ರಾತ್ರಿ ಪಾಳಿಗೆ ಹೋದರೆ ಮಗುವಿನ ಹತ್ತಿರ ಯಾರಿರುತ್ತಾರೆ? ಅದಕ್ಕಿಂತ ದೊಡ್ಡದು ನೀಲಕ್ಕ. ಅವಳಿಗೆ ಮಕ್ಕಳಿಲ್ಲ. ಅಕ್ಷತಾ ಅವಳ ಸೆರಗು ಹಿಡಿದುಕೊಂಡೇ ನಿದ್ದೆ ಹೋಗುತ್ತಾಳೆ. ಆ ಸೆರಗನ್ನು ಬಿಡಿಸಲು ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಹಾಗಾಗಿ ಸುಳ್ಳು ಹೇಳಿದೆ. ಮಗಳಿಗೂ, ಅಕ್ಕನಿಗೂ.

“ನನ್ನ ಯಾವಾಗ ಕರ್ಕೊಂಡ್ ಹೋಗ್ತಿ ಅವ್ವಾ?” ಎಂದು ಅಕ್ಷತಾ ಕೇಳಿದಾಗಲೆಲ್ಲ, “ಇಲ್ಲಿ ಇಷ್ಟ ಮನಿ ಐತಿ ನೋಡವಾ. ನಿಂತ್ರ ಕುಂದ್ರಾಕ ಜಾಗಾ ಇಲ್ಲ,” ಎನ್ನುತ್ತಿದ್ದೆ. ಅವಳು ನೋಡಿದ್ದೂ ಅಡುಗೆಮನೆಯ ಅದೊಂದೇ ಗೋಡೆ, ನಂಬಿದಳು. ಒಂದು ವರ್ಷ ನಂಬಿದಳು.

ಈಚೆಗೆ ಹಳೆಯ ರೌಟರಿನ ವೈಫೈ ಸೋತು ಅಡುಗೆಮನೆಯ ಮೂಲೆಯಲ್ಲೂ ಮಾತು ತುಂಡಾಗತೊಡಗಿತು. ಶಾಲೆಯ ಹಾಡನ್ನು ಅವಳು ಮೂರು ಸಲ ಮೊದಲಿನಿಂದ ಹಾಡಿ, ನಾಲ್ಕನೆಯ ಸಲ “ಅವ್ವ ಕೇಳವಲ್ಲಳು” ಎಂದು ಎದ್ದು ಹೋದಳು. ಮರುದಿನ ಫೋನಿಗೇ ಬರಲಿಲ್ಲ. ಹಳಿಯಾಳದ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕಿದ್ದಾಗ ವೈರಿಂಗ್ ಮಾಡಲು ಬರುತ್ತಿದ್ದ ದಾಂಡೇಲಿ ಅಂಬೇವಾಡಿಯ ರಫೀಕಣ್ಣನಿಗೆ ಫೋನ್ ಹಚ್ಚಿದೆ. ಈಗ ಅವರು ಜೋಯಿಡಾ ಕಡೆಯ ರೆಸಾರ್ಟುಗಳಿಗೆಲ್ಲ ವೈಫೈ ಹಾಕುತ್ತಾರೆ.

“ದೀಪಾ ಮೂಲ್ಯಾಗ ಇಟ್ಟು ಮನಿತುಂಬ ಬೆಳಕ ಬರ್ಲಿ ಅಂದ್ರ ಹೆಂಗ್ರಿ ಅಕ್ಕಾರ?” ಎಂದರು ರಫೀಕಣ್ಣ. “ನಡುಮನಿ ಛತ್ತಿಗೆ ಒಂದು ಹಾಕ್ರಿ. ಒಂದ ವೈರಿನ್ಯಾಗ ಕರೆಂಟೂ ಹೋಗ್ತೈತಿ, ನೆಟ್ಟೂ ಹೋಗ್ತೈತಿ. ಬಿಳಿ ಮುಖ ಕೆಳಗ ಇರ್ಲಿ. ಆಮ್ಯಾಲ ಯಾವ ಖೋಲಿಗೆ ಬೇಕಾದ್ರೂ ತಿರಗ್ಯಾಡ್ರಿ.”

ಭಾನುವಾರ ಅರ್ಧಕ್ಕೆ ನಿಂತ ಕೆಲಸವನ್ನು ಸೋಮವಾರ ಬೆಳಗಿನ ಪಾಳಿ ಮುಗಿಸಿ ಬಂದು ಮತ್ತೆ ಹಿಡಿದೆ. ಬಾಗಿಲಲ್ಲಿ ಅದೇ ಅಜ್ಜಿ. ಇನ್ನೇನು ತಪ್ಪಾಯಿತೋ ಎಂದು ನೋಡಿದರೆ ಕೈಯಲ್ಲಿ ಏಣಿ. ನಾನು ಸ್ಟೂಲಿನಿಂದ ಬಿದ್ದು ಸಾಯುವುದನ್ನು ನೋಡಲು ತನಗೆ ಇಷ್ಟವಿಲ್ಲ ಎಂದರು. ನಾನು ಮೇಲೆ ಹತ್ತಿ ಸ್ಕ್ರೂ ತಿರುಗಿಸುವಷ್ಟು ಹೊತ್ತೂ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಎರಡು ವರ್ಷದಲ್ಲಿ ಈ ಕಟ್ಟಡದಲ್ಲಿ ಯಾರಾದರೂ ನನಗಾಗಿ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಡಬ್ಬಿಯಲ್ಲಿ ನೀಲಿ ದೀಪ ಹತ್ತಿದಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು, ಕಾಫಿ ಕುಡಿದೆವು. ಆ ಸಂಜೆ ನಾನು ನಿಜವಾಗಿ ಹಿಗ್ಗಿದ್ದೆ.

ಅದೇ ಹಿಗ್ಗಿನಲ್ಲಿ ಫೋನ್ ಮಾಡಿದೆ. ಮುಂಡಗೋಡದಲ್ಲಿ ಅಕ್ಷತಾ ಊಟಕ್ಕೆ ಕೂತಿದ್ದಳು, ನೀಲಕ್ಕ ತುತ್ತು ಕೊಡುತ್ತಿದ್ದಳು. ಚಿತ್ರ ಕನ್ನಡಿಯಂತೆ ಸ್ವಚ್ಛ. ಹಾಡು ಹಾಡಿಸಿದೆ, ಪೂರ್ತಿ ಕೇಳಿದೆ. ಮಾತಾಡುತ್ತ ಅಡುಗೆಮನೆ ದಾಟಿದೆ, ಚಿತ್ರ ನಿಲ್ಲಲಿಲ್ಲ. ನಡುಮನೆ ದಾಟಿದೆ. ಛಾವಣಿಯ ಡಬ್ಬಿಯನ್ನು ತೋರಿಸುವ ಉಮೇದಿನಲ್ಲಿ ಕ್ಯಾಮೆರಾ ತಿರುಗಿಸಿ, ತಿರುಗಿಸಿದ್ದನ್ನು ಮರೆತು ಎರಡನೆಯ ಕೋಣೆಯೊಳಗೇ ನಡೆದುಬಿಟ್ಟೆ.

“ಅವ್ವಾ, ಆ ಸಣ್ಣ ಮಂಚದ ಮ್ಯಾಲ ಯಾರ್ ಮಲಗ್ತಾರ?”

ನಾನು ನಿಂತಲ್ಲೇ ನಿಂತೆ. “ಯಾರೂ ಇಲ್ಲವಾ.”

“ಹಂಗಾರ ಜಾಗಾ ಐತೆಲ್ಲ.”

ತುತ್ತು ಹಿಡಿದ ನೀಲಕ್ಕನ ಕೈ ಗಾಳಿಯಲ್ಲೇ ನಿಂತಿತು. ಹಿಂದೆ ಮಾತು ಕಷ್ಟಕ್ಕೆ ಬಂದಾಗ ನಾನು “ಸಿಗ್ನಲ್ ಹೋತವಾ” ಎಂದು ಕೆಂಪು ಗುಂಡಿ ಒತ್ತಿದ್ದುಂಟು. ಸಿಗ್ನಲ್ ಇದ್ದಾಗಲೂ ಒತ್ತಿದ್ದೇನೆ. ಈ ಸಲ ಬೆರಳು ಅಲ್ಲಿಯವರೆಗೆ ಹೋಗಿ ವಾಪಸು ಬಂತು, ಕ್ಯಾಮೆರಾವನ್ನು ನನ್ನ ಮುಖಕ್ಕೆ ತಿರುಗಿಸಿದೆ.

“ಕೂಸು ಕೇಳಾಕತ್ತೈತಿ. ಖರೆ ಹೇಳು,” ಎಂದಳು ನೀಲಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

“ಐತಿ,” ಎಂದೆ. “ಜಾಗಾ ಐತಿ. ನಾನ ಸುಳ್ಳ ಹೇಳಿದ್ನಿ.”

ಅಕ್ಷತಾ ಅಳಲಿಲ್ಲ. ನೀಲಕ್ಕನ ಕಡೆ ತಿರುಗಿ ನೋಡಿ, “ದೊಡ್ಡವ್ವಗ?” ಎಂದಳು.

ಈ ದೇಶದ ಕಾಯ್ದೆಯಲ್ಲಿ ತಾಯಿಯ ಹತ್ತಿರ ಮಗಳು ಬರಬಹುದು. ಸಾಕಿದ ದೊಡ್ಡವ್ವ ಬಂದು ಉಳಿಯುವಂತಿಲ್ಲ. ಅದನ್ನು ಆರು ವರ್ಷದ ಕೂಸಿಗೆ ಹೇಗೆ ಹೇಳುವುದು? ಆದರೆ ಇನ್ನೊಂದು ಸುಳ್ಳಿಗೆ ಬಾಯಿ ಬರಲಿಲ್ಲ.

“ದೊಡ್ಡವ್ವಗ ಇಲ್ಲವಾ.”

ಅವಳು ನೀಲಕ್ಕನ ಸೆರಗಿನೊಳಗೆ ಸರಿದು ಕೂತು, ನೇರ ನನ್ನನ್ನೇ ನೋಡಿದಳು.

“ಹಂಗಾರ ನೀನ ಬಾ.”

ಒಂದಕ್ಷರವೂ ತುಂಡಾಗದೆ ಕೇಳಿಸಿತು.